ಬಂಡಿದಾರಿ ಮಸೂದೆಯ ಚುಕ್ಕೆ ಪ್ರಶ್ನೆ

ಆ ಒಂದು ಪದವನ್ನು ಬಳಸಬಾರದು ಎಂಬ ಷರತ್ತು ಇಲ್ಲದೇ ಹೋಗಿದ್ದರೆ ಭೈರೇಶನ ಕೆಲಸ ಅಂದು ಬೆಳಗ್ಗೆ ಹತ್ತೂಕಾಲಿಗೇ ಮುಗಿದು, ಹತ್ತೂವರೆಗೆಲ್ಲ ಅವನು ತರೀಕೆರೆಯಿಂದ ಶಾಶ್ವತವಾಗಿ ಪಾರಾಗುತ್ತಿದ್ದ.

ಭೈರೇಶ ಬಂಡಿದಾರಿ ಮಾಹಿತಿ ಘಟಕದ ಗುಮಾಸ್ತ. ಹೊಲಕ್ಕೆ ಹೋಗಲು ದಾರಿಯಿಲ್ಲದ ರೈತರಿಗೆ ಪಕ್ಕದ ಹೊಲದವರಿಂದ ದಾರಿ ಬಿಡಿಸಿಕೊಡುವ ಕಾನೂನು ತರುತ್ತೇವೆಂದು ಸರ್ಕಾರ ಮಾತು ಕೊಟ್ಟಾಗ, ಕಾನೂನಿಗಿಂತ ಮೊದಲು ಈ ಘಟಕ ಹುಟ್ಟಿತ್ತು. ಬಸ್ ನಿಲ್ದಾಣದ ಹಿಂದೆ, ತೆಂಗಿನಕಾಯಿ ಮಂಡಿಯ ಮಹಡಿಯಲ್ಲಿ ಕಚೇರಿ. ಕಡೂರು, ಅಜ್ಜಂಪುರಗಳಲ್ಲಿ ಒಂದೊಂದು ಶಾಖೆ. ಮೂರೂ ಕಡೆ ಫ್ಯಾನು, ಬೀರು, ಬೋರ್ಡು ಎಲ್ಲ ಬಂದವು. ಕಾನೂನು ಮಾತ್ರ ಬರಲಿಲ್ಲ.

ಅವನ ಮನೆ ಬೀರೂರಿನಲ್ಲಿ. ನಾಲ್ಕು ವರ್ಷದಿಂದ ನಸುಕಿಗೆ ಎದ್ದು, ರೈಲು ಹಿಡಿದು, ಮಧ್ಯಾಹ್ನ ತಣ್ಣಗಾದ ಮುದ್ದೆಯನ್ನು ಕಂಪ್ಯೂಟರಿನ ಬಿಸಿಗಾಳಿಗೆ ಹಿಡಿದು ತಿಂದೂ ತಿಂದೂ ಅವನಿಗೆ ಬದುಕೇ ಬೇಸರವಾಗಿತ್ತು. ಈಗ ಕೊನೆಗೂ ಕಡೂರು ಶಾಖೆಗೆ ವರ್ಗವಾಗಿತ್ತು. ಮನೆಯಿಂದ ಸ್ಕೂಟರಿನಲ್ಲಿ ಕಾಲು ಗಂಟೆ. ಆದರೆ ನಾಳೆ ಬೆಳಗ್ಗೆ ಹತ್ತರೊಳಗೆ ಅಲ್ಲಿ ಹಾಜರಾಗದಿದ್ದರೆ ಆ ಜಾಗ ಪಟ್ಟಿಯಲ್ಲಿ ಎರಡನೆಯವನಾದ ಮೋಹನ್‌ಗೆ ಹೋಗುತ್ತಿತ್ತು. ಬಿಡುಗಡೆಯ ಆದೇಶ ಟೈಪಾಗಿ ಮಲ್ಲಿಕಾರ್ಜುನ ಸಾಹೇಬರ ಮೇಜಿನ ಮೇಲಿತ್ತು. ಅದಕ್ಕೆ ಬೇಕಾಗಿದ್ದದ್ದು ಒಂದೇ ಒಂದು ಸಹಿ.

ಅಷ್ಟರಲ್ಲಿ ಬೆಳಗಾವಿಯ ಅಧಿವೇಶನದಿಂದ ಚುಕ್ಕೆ ಗುರುತಿನ ಪ್ರಶ್ನೆಯೊಂದು, ಅಂದರೆ ಮಂತ್ರಿಗಳು ಸದನದಲ್ಲಿ ಎದ್ದು ನಿಂತು ಉತ್ತರಿಸಲೇಬೇಕಾದದ್ದು, ಬಂತು. ಬಂಡಿದಾರಿ ಮಸೂದೆ ಯಾವ ಹಂತದಲ್ಲಿದೆ ಎಂದು ವಿರೋಧ ಪಕ್ಷದ ಸದಸ್ಯರೊಬ್ಬರು ಕೇಳಿದ್ದರು. ಸಂಜೆ ನಾಲ್ಕೂವರೆಯೊಳಗೆ ಉತ್ತರ ಹೋಗಬೇಕಿತ್ತು. ಇದೇನೂ ಹೊಸದಲ್ಲ. ಹೋದ ಅಧಿವೇಶನದ ಉತ್ತರ ತೆಗೆದು, ದಿನಾಂಕ ಬದಲಾಯಿಸಿ, ‘ಪರಿಶೀಲನೆಯಲ್ಲಿದೆ’ ಎಂದು ಕಳಿಸಿದರೆ ಆಯಿತು. ಕಂಪ್ಯೂಟರ್ ನೋಡಿಕೊಳ್ಳುವ ಅನುಷಾ ಆಗಲೇ ದಿನಾಂಕ ಬದಲಾಯಿಸಿ ಮುಗಿಸಿದ್ದಳು. ಆಮೇಲೆ ಪ್ರಶ್ನೆಯ ಕೊನೆಯ ಸಾಲು ಓದಿ ಅವಳ ಕೈ ನಿಂತುಹೋಯಿತು. ‘ಪರಿಶೀಲನೆಯಲ್ಲಿದೆ ಎಂಬ ಉತ್ತರವನ್ನು ಈಗಾಗಲೇ ಆರು ಬಾರಿ ನೀಡಲಾಗಿರುವುದರಿಂದ, ಸದರಿ ಪದವನ್ನು ಬಳಸದೆ ಉತ್ತರಿಸುವುದು’ ಎಂದಿತ್ತು.

ಘಟಕಕ್ಕೆ ಸಿಡಿಲು ಹೊಡೆದಂತಾಯಿತು. ಭೈರೇಶ ‘ಪ್ರಗತಿಯಲ್ಲಿದೆ’ ಎಂದು ಬರೆದು ಒಳಗೆ ಹೋದ. ಎಷ್ಟು ಪ್ರಗತಿ ಎಂದು ಕೇಳಿದರೆ ಏನು ಹೇಳುತ್ತೀರಿ ಎಂದು ಸಾಹೇಬರು ವಾಪಸು ಕಳಿಸಿದರು. ‘ಕ್ರಮ ವಹಿಸಲಾಗುತ್ತಿದೆ’ ಎಂದು ಬರೆದ. ಯಾರು ವಹಿಸುತ್ತಿದ್ದಾರೆ ಎಂದು ಕೇಳುತ್ತಾರೆ ಎಂದರು. ‘ಗಂಭೀರ ಚಿಂತನೆ ನಡೆದಿದೆ’ ಎಂದಾಗ ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ನಿಜ ಏನು ಅಂತ ಬರೀರಿ ಭೈರೇಶ್," ಎಂದರು. "ಕರಡು ಎಲ್ಲಿದೆ, ಯಾರ ಹತ್ರ ಕೂತಿದೆ, ಪತ್ತೆ ಮಾಡ್ಕಂಡು ಬನ್ನಿ. ಉತ್ತರ ಹೋಗ್ಲಿ, ನಿಮ್ಮ ಆರ್ಡರ್‌ಗೆ ಸೈನ್ ಹಾಕ್ತೀನಿ. ಹೋಗ್ಲಿಲ್ಲ, ನೀವೂ ಹೋಗಂಗಿಲ್ಲ."

ನಿಜ ಬರೆಯುವುದೆಂದರೆ ಏನೆಂದು ಆ ಕಚೇರಿಯಲ್ಲಿ ಯಾರಿಗೂ ಅಭ್ಯಾಸವಿರಲಿಲ್ಲ. ಭೈರೇಶ ಹಳೆಯ ರಿಜಿಸ್ಟರು ತಿರುವಿದ. ಮೂರೂ ತಾಲ್ಲೂಕುಗಳ ಅಭಿಪ್ರಾಯಕ್ಕೆಂದು ಬೆಂಗಳೂರಿನಿಂದ ಬಂದಿದ್ದ ಮಸೂದೆಯ ಕರಡನ್ನು ಎರಡು ವರ್ಷದ ಹಿಂದೆ ಮೊದಲು ಕಡೂರಿಗೆ ಕಳಿಸಲಾಗಿತ್ತು. ಫೋನ್ ಮಾಡಿದರೆ ಕಡೂರಿನವರು ಎತ್ತಲಿಲ್ಲ. ಅವನು ಬ್ಯಾಗು ಹೆಗಲಿಗೆ ಹಾಕಿಕೊಂಡು ಓಡಿ ಹೋಗಿ ಬಸ್ಸು ಹತ್ತಿದ.

ಬಸ್ಸಿನಲ್ಲಿ ಪಕ್ಕದ ಮನೆಯ ಚನ್ನಬಸಪ್ಪ ಮೇಷ್ಟ್ರು ಸಿಕ್ಕಿದರು. ನಿವೃತ್ತರಾದ ಮೇಲೆ ವಿರೋಧ ಪಕ್ಷದ ಬೀರೂರು ಘಟಕಕ್ಕೆ ಏನೋ ಒಂದು ಆಗಿದ್ದರು. ತರೀಕೆರೆಯಲ್ಲಿ ಪಕ್ಷದ ಸಭೆಗೆಂದು ಬಂದು, ಸಭೆಗೆ ಇನ್ನಾರೂ ಬಾರದ್ದರಿಂದ ವಾಪಸು ಹೊರಟಿದ್ದರು. ಯಾಕಪ್ಪಾ ಮುಖ ಬಾಡಿದೆ ಎಂದು ಕೇಳಿದ್ದೇ ತಡ, ಭೈರೇಶ ತನ್ನ ಗೋಳನ್ನೆಲ್ಲ ತೋಡಿಕೊಂಡು, ಆ ಕೊನೆಯ ಸಾಲು ಬರೆದವನ ಮನೆ ಹಾಳಾಗ ಎಂದು ಶಾಪ ಹಾಕಿದ.

ಮೇಷ್ಟ್ರ ಮುಖ ಅರಳಿತು. "ನಾನೇ ಕಣೋ ಬರ್ದದ್ದು," ಎಂದರು. "ಮೂವತ್ತೈದು ವರ್ಷ ಹುಡುಗರ ಉತ್ತರ ತಿದ್ದಿದೀನಿ. ಓದದೇ ಇರೋನು ಎಲ್ಲಿ ನುಣುಚ್ಕಳ್ತಾನೆ ಅಂತ ನಂಗೊತ್ತಿಲ್ವಾ? ನಮ್ಮ ಸದಸ್ಯರು ಬಹಳ ಮೆಚ್ಕಂಡ್ರು."

ಮೇಷ್ಟ್ರು ಅಷ್ಟಕ್ಕೇ ಬಿಡದೆ, ಇವನು ವಿಧಾನಸಭೆಗೆ ಉತ್ತರ ಕೊಡುವವನು ಎಂದು ಇಡೀ ಬಸ್ಸಿಗೆ ಸಾರಿದರು. ಬಸ್ಸಿನಲ್ಲಿದ್ದವರ ಪೈಕಿ ಅರ್ಧ ಜನಕ್ಕೆ ಬಂಡಿದಾರಿಯ ತಕರಾರಿತ್ತು. ದಾರಿ ಬೇಕಾದವರು ಒಂದು ಕಡೆ, ದಾರಿಗೆ ಬೇಲಿ ಹಾಕಿದವರು ಒಂದು ಕಡೆ ಆಗಿ ಜಗಳ ಶುರುವಾಯಿತು. ಯಾರೋ ಅವನ ತೋಳು ಹಿಡಿದು ಸರ್ವೆ ನಂಬರು ಬರೆದುಕೊಳ್ಳಿ ಎಂದರು. ಕಂಡಕ್ಟರ್ ಮಾತ್ರ ಕರುಣೆಯಿಂದ ಬಗ್ಗಿ, "ಮುಂದೆ ಜಾಗ ಇದೆ ಅಂತ ಬರ್ದ್‌ಬಿಡಿ ಸಾರ್, ನಾವ್ ದಿನಾ ಅದನ್ನೇ ಹೇಳೋದು," ಎಂದು ಉಪಾಯ ಹೇಳಿಕೊಟ್ಟ.

ಬೀರೂರಿನಲ್ಲಿ ಇಳಿಯಬೇಕಾದ ಮೇಷ್ಟ್ರು ಇಳಿಯಲಿಲ್ಲ. ಫೈಲು ಸಿಗುವವರೆಗೆ ನಿನ್ನ ಜೊತೆಗೇ ಇರುತ್ತೇನೆ, ಎಷ್ಟಾದರೂ ಪಕ್ಕದ ಮನೆಯವನಲ್ಲವೇ ಎಂದರು. ಭೈರೇಶ ಬೇಡವೆಂದಷ್ಟೂ ಅವರಿಗೆ ಉತ್ಸಾಹ ಹೆಚ್ಚಿತು.

ಕಡೂರು ಶಾಖೆಯಲ್ಲಿ, ನಾಳೆ ತನ್ನದಾಗಬೇಕಾದ ಕುರ್ಚಿಯನ್ನು ಭೈರೇಶ ಕಣ್ತುಂಬ ನೋಡಿದ. ಕಿಟಕಿಯ ಪಕ್ಕ, ಫ್ಯಾನಿನ ಕೆಳಗೆ. ಅದರ ಎದುರಿನ ಬೆಂಚಿನ ಮೇಲೆ ಮೋಹನ್ ಕುಳಿತಿದ್ದ. ಸುಮ್ಮನೆ ಬಂದೆ ಎಂದ ಮೋಹನ್, ಕುರ್ಚಿಯ ಹಿಡಿಕೆಯನ್ನು ಒಮ್ಮೆ ಸವರಿ, ಉತ್ತರ ಹೋಯಿತಾ ಎಂದು ವಿಚಾರಿಸಿದ. ಭೈರೇಶ ಅವನಿಗೆ ಬೆನ್ನು ಹಾಕಿ ರಿಜಿಸ್ಟರು ಕೇಳಿದ. ಕಡೂರಿನವರ ಪುಸ್ತಕದ ಪ್ರಕಾರ ಕರಡನ್ನು ಅವರು ತಮ್ಮ ಅಭಿಪ್ರಾಯ ಸೇರಿಸಿ ಒಂದೇ ವಾರದಲ್ಲಿ ಅಜ್ಜಂಪುರಕ್ಕೆ ಕಳಿಸಿಬಿಟ್ಟಿದ್ದರು.

ಊಟದ ಹೊತ್ತಿಗೆ ಹೆಂಡತಿ ಸುಲೋಚನಮ್ಮ ಫೋನ್ ಮಾಡಿದಳು. ನಾಳೆ ಮಧ್ಯಾಹ್ನ ಮನೆಗೇ ಬಂದು ಉಣ್ಣುವುದಾದರೆ ಅವರೇಕಾಳು ನೆನೆಸಲೇ ಎಂದು ಅವಳ ಪ್ರಶ್ನೆ. ಅವನಿಗೆ ಹೂಂ ಎನ್ನಲೂ ಧೈರ್ಯವಾಗಲಿಲ್ಲ, ಊಹೂಂ ಎನ್ನಲೂ ಮನಸ್ಸಾಗಲಿಲ್ಲ. ಸಂಜೆ ಹೇಳುತ್ತೇನೆ ಎಂದು ಅಜ್ಜಂಪುರದ ಬಸ್ಸಿಗೆ ಓಡಿದ. ಮೇಷ್ಟ್ರು ಅವನಿಗಿಂತ ಮುಂಚೆ ಹತ್ತಿ ಅವನಿಗೊಂದು ಸೀಟು ಹಿಡಿದಿದ್ದರು.

ಅಜ್ಜಂಪುರ ಶಾಖೆಯ ಹಾಲೇಶ ನಿಧಾನಸ್ಥ. ಬೀರುವಿನ ಬೀಗದ ಕೈ ಹುಡುಕಲು ಹತ್ತು ನಿಮಿಷ, ಪುಸ್ತಕದ ದೂಳು ಕೊಡವಲು ಐದು ನಿಮಿಷ ತೆಗೆದುಕೊಂಡ. ಭೈರೇಶ ಗಡಿಯಾರ ನೋಡುತ್ತ ಕಾಲು ಸುಟ್ಟ ಬೆಕ್ಕಿನಂತೆ ಅತ್ತಿಂದಿತ್ತ ತಿರುಗುತ್ತಿದ್ದ. ಗಂಟೆ ಎರಡು ಆಗಿತ್ತು. ಕೊನೆಗೆ ಹಾಲೇಶ ಒಂದು ಪುಟದ ಮೇಲೆ ಬೆರಳಿಟ್ಟು, ಇದೋ, ಕರಡನ್ನು ಎರಡು ವರ್ಷದ ಹಿಂದೆ, ಆಯುಧಪೂಜೆಯ ಹಿಂದಿನ ದಿನ, ತರೀಕೆರೆಗೇ ವಾಪಸು ಕೊಟ್ಟಿದ್ದೇವೆ, ಕೈಯಲ್ಲಿ ತೆಗೆದುಕೊಂಡವರ ಸಹಿಯೂ ಇದೆ ಎಂದ.

ಸಹಿ ಭೈರೇಶನದೇ ಆಗಿತ್ತು.

ಅವನ ಅಂಗೈ ತಾನಾಗಿಯೇ ಹೋಗಿ ಅದರ ಮೇಲೆ ಕುಳಿತಿತು. ಮೇಷ್ಟ್ರು ಕನ್ನಡಕ ಏರಿಸಿಕೊಂಡು ಬಗ್ಗಿದರು. ಯಾರ ಸಹಿ ಎಂದು ಕೇಳಿದರು. ಓದಲು ಬರುವುದಿಲ್ಲ, ಏಡಿ ಹರಿದಾಡಿದ ಹಾಗಿದೆ ಎಂದು ಭೈರೇಶ ತನ್ನ ಸಹಿಯನ್ನೇ ಜರೆದ. ಹಾಲೇಶ ಅವನ ಮುಖವನ್ನೂ ಅವನ ಅಂಗೈಯನ್ನೂ ನೋಡಿ, ಎಲೆಯಡಿಕೆ ಬಾಯಿಗೆ ಹಾಕಿಕೊಂಡ.

"ಹಂಗಾದ್ರೆ ಇಡೀ ಸರ್ಕಾರದ ಮಸೂದೆ ನಿಂತಿರೋದು ಆ ಒಬ್ಬ ಆಸಾಮಿಯಿಂದ," ಎಂದು ಮೇಷ್ಟ್ರು ಫೋನ್ ತೆಗೆದರು. "ಇದಕ್ಕೋಸ್ಕರ ನಮ್ಮೋರು ಎರಡು ಸಲ ಸದನದ ಬಾವಿಗಿಳಿದ್ರು, ಮೂರು ಸಲ ಸದನ ಬಿಟ್ಟು ಹೊರಗೆ ನಡೆದ್ರು. ಉಪಪ್ರಶ್ನೆ ಹಾಕಿಸ್ತೀನಿ ತಡಿ. ಸದರಿ ನೌಕರ ಯಾರು, ಅವನ ಮೇಲೆ ಏನು ಕ್ರಮ ಅಂತ."

ಅವರು ಸಿಗ್ನಲ್ ಹುಡುಕಿಕೊಂಡು ರಸ್ತೆಗೆ ಹೋದದ್ದೇ ತಡ, ಭೈರೇಶ ಹಿಂಬಾಗಿಲಿನಿಂದ ಹಾರಿ ತರೀಕೆರೆಯ ದಾರಿಯಲ್ಲಿ ಕಂಡ ಮೊದಲ ಗೂಡ್ಸ್ ಆಟೋ ಹತ್ತಿದ. ಈರುಳ್ಳಿ ಮೂಟೆಗಳ ಮಧ್ಯೆ ಕುಳಿತಾಗ ಅವನಿಗೆ ನಿಧಾನವಾಗಿ ಎಲ್ಲ ನೆನಪಾಗತೊಡಗಿತು. ಆಯುಧಪೂಜೆಯ ಹಿಂದಿನ ಸಂಜೆ ಫೈಲು ತಂದಿದ್ದ, ರಿಜಿಸ್ಟರಿಗೆ ಇನ್ನೂ ಏರಿಸಿರಲಿಲ್ಲ. ಕಚೇರಿ ತೊಳೆದು, ಮಾವಿನ ಸೊಪ್ಪು ಕಟ್ಟಿ, ದೇವರ ಫೋಟೋ ಇಡಲು ನೋಡಿದರೆ ಪೀಠ ತಗ್ಗಾಗಿತ್ತು. ಕೈಯಲ್ಲಿದ್ದ ದಪ್ಪ ಫೈಲಿಗೆ ಕೆಂಪು ಬಟ್ಟೆ ಸುತ್ತಿ ಅದರ ಮೇಲೆ ಫೋಟೋ ಇಟ್ಟಿದ್ದ. ಹಬ್ಬ ಮುಗಿದ ಮೇಲೆ ದೇವರ ಪೀಠ ಎಳೆಯಲು ಯಾರಿಗೂ ಧೈರ್ಯ ಬಂದಿರಲಿಲ್ಲ. ಎರಡು ವರ್ಷದಿಂದ ದಿನಾ ಬೆಳಗ್ಗೆ ತಾನು ಊದುಬತ್ತಿ ಹಚ್ಚಿ ಕೈಮುಗಿಯುತ್ತಿದ್ದದ್ದು ಬಂಡಿದಾರಿ ಮಸೂದೆಗೇ ಎಂದು ತಿಳಿದಾಗ ಅವನು ಇನ್ನೂ ಜೋರಾಗಿ ಓಡಿಸು ಎಂದು ಆಟೋದವನಿಗೆ ಕೂಗಿದ.

ಕಚೇರಿ ಸೇರಿದಾಗ ಮೂರೂ ಮುಕ್ಕಾಲು. ಅವನು ಸೀದಾ ಹೋಗಿ ದೇವರ ಫೋಟೋ ಎತ್ತಿದ. ಇವತ್ತು ಯಾವ ಹಬ್ಬ ಸಾರ್ ಎಂದು ಅನುಷಾ ಕೇಳಿದಳು. ಕೆಂಪು ಬಟ್ಟೆ ಬಿಚ್ಚಿದ ಮೇಲೆ ಅವಳು ಎದ್ದು ಬಾಗಿಲು ಮುಂದಕ್ಕೆ ತಳ್ಳಿದಳು. ಅರಿಶಿನ, ಕುಂಕುಮ, ದೀಪದ ಎಣ್ಣೆ ಕುಡಿದು ಫೈಲು ಮದುವೆಮನೆಯ ಲಗ್ನಪತ್ರಿಕೆಯಂತಾಗಿತ್ತು. ಕೊನೆಯ ಹಾಳೆಯಲ್ಲಿ ತರೀಕೆರೆ ಘಟಕ ತುಂಬಬೇಕಾದ ಒಂದು ಚೌಕವಿತ್ತು. ಆಕ್ಷೇಪಣೆ ಇದೆ, ಇಲ್ಲ. ಒಂದಕ್ಕೆ ಗುರುತು ಹಾಕಬೇಕು, ಅಷ್ಟೇ. ಆ ಒಂದು ಗುರುತಿಗಾಗಿ ಎರಡು ವರ್ಷ ಸದನದಲ್ಲಿ ಕೂಗಾಟ ನಡೆದಿತ್ತು. ಭೈರೇಶ ‘ಇಲ್ಲ’ಕ್ಕೆ ಗುರುತು ಹಾಕಿದ.

ಆಮೇಲೆ ಅನುಷಾಳ ಪಕ್ಕ ನಿಂತು ಉತ್ತರ ಹೇಳಿ ಬರೆಸಿದ. ‘ಮೂರೂ ತಾಲ್ಲೂಕುಗಳ ಅಭಿಪ್ರಾಯ ಬಂದಿದ್ದು, ಮಸೂದೆಯನ್ನು ಮಂಡಿಸಲು ಯಾವ ಅಡ್ಡಿಯೂ ಇರುವುದಿಲ್ಲ.’ ಮಲ್ಲಿಕಾರ್ಜುನ ಸಾಹೇಬರು ಅದನ್ನು ಮೂರು ಸಲ ಓದಿದರು. ಈ ಕಚೇರಿಯಿಂದ ಹೊರಟ ಮೊದಲ ಪೂರ್ತಿ ವಾಕ್ಯ ಇದು ಎಂದು ಹೆಮ್ಮೆಪಟ್ಟು ಸಹಿ ಹಾಕಿದರು. ನಾಲ್ಕು ಗಂಟೆ ಇಪ್ಪತ್ತು ನಿಮಿಷಕ್ಕೆ ಉತ್ತರ ಬೆಳಗಾವಿಗೆ ಹೋಯಿತು. ಐದು ಗಂಟೆಗೆ, ಅದು ತಲುಪಿದ್ದು ಖಾತ್ರಿಯಾದ ಮೇಲೆ, ಸಾಹೇಬರು ಬಿಡುಗಡೆಯ ಆದೇಶವನ್ನು ಹತ್ತಿರಕ್ಕೆ ಎಳೆದುಕೊಂಡು ಪೆನ್ನಿನ ಮುಚ್ಚಳ ತೆಗೆದರು. ಭೈರೇಶನ ಕಣ್ಣು ಒದ್ದೆಯಾಯಿತು.

ಆಗ ಫೋನ್ ಬಡಿದುಕೊಂಡಿತು. ಬೆಳಗಾವಿಯಿಂದ, ಮಂತ್ರಿಗಳ ಕಚೇರಿಯವರು. ಸಾಹೇಬರು ಎದ್ದು ನಿಂತರು. ಹೌದು ಸರ್, ತಪ್ಪಾಯಿತು ಸರ್, ಗೊತ್ತಾಗಲಿಲ್ಲ ಸರ್ ಎಂದರು. ಅವರ ಮುಖ ಮೊದಲು ಕೆಂಪಾಯಿತು, ಆಮೇಲೆ ಬಿಳುಪಾಯಿತು. ಈ ಫೈಲು ಇಷ್ಟು ದಿನ ಎಲ್ಲಿತ್ತು ಎಂದು ಭೈರೇಶನನ್ನು ಕೇಳಿದರು. ಇನ್ನು ಮುಚ್ಚಿಟ್ಟು ಪ್ರಯೋಜನವಿಲ್ಲವೆಂದು ಅವನು ಅಜ್ಜಂಪುರದ ಸಹಿ, ಫೋಟೋ, ಪೀಠ, ಕೆಂಪು ಬಟ್ಟೆ ಎಲ್ಲವನ್ನೂ ಒಪ್ಪಿಕೊಂಡ. ಸಾಹೇಬರು ಅದನ್ನೇ ಫೋನಿಗೆ ಒಪ್ಪಿಸಿದರು. ಆ ಕಡೆಯಿಂದ ಬಹಳ ಹೊತ್ತು ನಗು ಕೇಳಿಸಿತು. ಸಾಹೇಬರು ಫೋನ್ ಇಟ್ಟು ಕುಳಿತು ಬೆವರು ಒರೆಸಿಕೊಂಡರು.

"ಅಡ್ಡಿ ಇಲ್ಲ ಅಂತ ಬರೆಯೋಕೆ ನಿಮಗೆ ಹೇಳಿದ್ದು ಯಾರು ಅಂತ ಕೇಳಿದ್ರು," ಎಂದರು. "ದಾರಿ ಬೇಕಾದೋರೂ ಮತ ಹಾಕ್ತಾರೆ, ಬೇಲಿ ಹಾಕಿದೋರೂ ಮತ ಹಾಕ್ತಾರೆ. ಮಸೂದೆ ತಂದ್ರೆ ಅರ್ಧ ಜನ ಹೋದ್ರು, ಇಲ್ಲ ಅಂದ್ರೆ ಇನ್ನರ್ಧ ಹೋದ್ರು. ಪ್ರಶ್ನೆ ಕೇಳಿದ ಸದಸ್ಯರೇ ನಿಮ್ಮ ಉತ್ತರ ನೋಡಿ ಗಾಬರಿ ಬಿದ್ದು, ಇದನ್ನ ಓದ್ಬೇಡಿ ಅಂದ್ರಂತೆ. ಅವರ ತೋಟದಾಗೂ ಒಂದು ಬೇಲಿ ಐತಂತೆ."

ಹಾಗಾದರೆ ಉತ್ತರ ಏನು ಸಾರ್ ಎಂದು ಭೈರೇಶ ಕೇಳಿದ. ಬೆಳಗಾವಿಯವರೇ ಬರೆದುಕೊಂಡಿದ್ದರು: ‘ಮಾಹಿತಿ ಸಂಗ್ರಹಿಸಲಾಗುತ್ತಿದೆ.’ ಬೇಡವೆಂದ ಪದವೂ ಇಲ್ಲ, ಬೇಕಾದ ಅರ್ಥವೂ ಇಲ್ಲ. ತರೀಕೆರೆಯ ಅಭಿಪ್ರಾಯ ಇನ್ನೂ ಬಂದಿಲ್ಲವೆಂದೇ ಭಾವಿಸಲಾಗಿತ್ತು. ಮೇಷ್ಟ್ರ ಉಪಪ್ರಶ್ನೆಯನ್ನು ಕೈಬಿಟ್ಟು, ಹಾಲೇಶನ ರಿಜಿಸ್ಟರಿನ ಆ ಸಹಿಯನ್ನು ಇನ್ನು ಯಾರೂ ಕೇಳುವುದಿಲ್ಲವೆಂದು ಎರಡೂ ಪಕ್ಷದವರು ಮಾತಾಡಿಕೊಂಡಿದ್ದರು. ಭೈರೇಶನಿಗೆ ಹೋದ ಜೀವ ಬಂದಂತಾಯಿತು. ಅವನು ಸಂಕೋಚದಿಂದಲೇ ಬಿಡುಗಡೆಯ ಆದೇಶದ ಕಡೆ ನೋಡಿದ.

ಸಾಹೇಬರು ಪೆನ್ನಿಗೆ ಮುಚ್ಚಳ ಹಾಕಿದರು.

"ಅದೇ ಹೇಳ್ಬೇಕು ಅಂತಿದ್ದೆ. ನಿಮ್ಮ ಮೇಲೆ ಅವರಿಗೆ ಭಾಳ ವಿಶ್ವಾಸ ಬಂದಿದೆ. ಎರಡು ವರ್ಷ ಆ ಫೈಲು ಯಾರ ಕಣ್ಣಿಗೂ ಬೀಳದಂಗೆ ಕಾಪಾಡಿದೋರು ರಾಜ್ಯದಾಗೇ ಇನ್ನೊಬ್ರಿಲ್ವಂತೆ. ಮಸೂದೆ ಮಂಡನೆ ಆಗೋವರೆಗೂ ಆ ನೌಕರನ್ನ ತರೀಕೆರೆಯಿಂದ ಬಿಡಂಗಿಲ್ಲ ಅಂತ ಆರ್ಡರ್ ಬರ್ತಾ ಇದೆ. ಪ್ರಶಂಸಾಪತ್ರಾನೂ ಕೊಡ್ತಾರೆ."

ಮರುದಿನ ಬೆಳಗ್ಗೆ ಒಂಬತ್ತೂಮುಕ್ಕಾಲಿಗೆ ಮೋಹನ್ ಕಡೂರಿನಲ್ಲಿ ಹಾಜರಾದ. ಹತ್ತು ಗಂಟೆಗೆ ತರೀಕೆರೆಗೆ ಆದೇಶ ಬಂತು. ಸದರಿ ಫೈಲನ್ನು ಭೈರೇಶನ ವಶಕ್ಕೆ ಒಪ್ಪಿಸಲಾಗಿದೆಯೆಂದೂ, ಅದು ಕಳೆದುಹೋದರೆ ಅವನೇ ಹೊಣೆಯೆಂದೂ, ಸಿಕ್ಕಿದರೂ ಅವನೇ ಹೊಣೆಯೆಂದೂ ಅದರಲ್ಲಿ ಸ್ಪಷ್ಟವಾಗಿ ಬರೆದಿತ್ತು.