ಹೆಂಡತಿ ‘ಆಯ್ತು ಬಿಡು’ ಅಂದಾಗಿನಿಂದ

ನನ್ನ ಹೆಂಡತಿಗೆ ಸ್ಟ್ರೋಕ್ ಹೊಡೆದು ಎರಡು ವರ್ಷವಾಯಿತು. ಈ ಎರಡು ವರ್ಷದಲ್ಲಿ ನಾನು ಗಾಬರಿ ಬಿದ್ದಷ್ಟು ಸಲ ನಮ್ಮ ಕೈಲಾಂಚ ಊರಿನ ಸುತ್ತಮುತ್ತ ಇನ್ಯಾರೂ ಬಿದ್ದಿರಲಿಕ್ಕಿಲ್ಲ. ಒಂದು ಗಾಬರಿ ಇಳಿಯುವ ಹೊತ್ತಿಗೆ ಇನ್ನೊಂದು ಬಾಗಿಲಲ್ಲಿ ನಿಂತಿರುತ್ತಿತ್ತು. ನಗು ಬರುತ್ತಿದ್ದುದು ಆಮೇಲೆ, ಇಬ್ಬರೂ ಮುಖ ಮುಖ ನೋಡಿಕೊಂಡಾಗ.

ಒಂದೇ ಮಾತು

ಅವತ್ತು ಬೆಳಗ್ಗೆ ಅವಳು ಮುದ್ದೆ ತಿರುವುತ್ತಿದ್ದಳು. ಕೋಲು ಬಿದ್ದ ಸದ್ದಾಯಿತು. ಒಳಗೆ ಹೋಗಿ ನೋಡಿದರೆ ಬಾಯಿ ಒಂದು ಪಕ್ಕಕ್ಕೆ ಎಳೆದಿದೆ, ಬಲಗೈ ಬೇರೆ ಯಾರದ್ದೋ ಎಂಬಂತೆ ಜೋತುಬಿದ್ದಿದೆ. ಪಕ್ಕದ ಮನೆಯವರ ಕಾರಿನಲ್ಲಿ ಆಸ್ಪತ್ರೆಗೆ ಓಡಿದೆವು. ಬೇಗ ಕರೆದೊಯ್ದಿದ್ದಕ್ಕೆ ಜೀವ ಉಳಿಯಿತು. ಬಲಭಾಗದ ಶಕ್ತಿ ಹೋಯಿತು, ಮಾತೂ ಹೋಯಿತು.

ಮೂರನೇ ದಿನ ಡಾಕ್ಟರು ಬಗ್ಗಿ, ‘ನೀರು ಬೇಕಾ ಅಮ್ಮ?’ ಅಂದರು.

‘ಆಯ್ತು ಬಿಡು’ ಅಂದಳು.

‘ಎಲ್ಲಾದ್ರೂ ನೋವಿದೆಯಾ?’

‘ಆಯ್ತು ಬಿಡು.’

‘ನಿಮ್ಮೂರು ಯಾವುದು?’

‘ಆಯ್ತು ಬಿಡು.’

ಡಾಕ್ಟರು ನನ್ನ ಕಡೆ ತಿರುಗಿದರು. ‘ಕೆಲವರಿಗೆ ಹೀಗೆ ಒಂದೇ ಮಾತು ಉಳಿದುಬಿಡುತ್ತೆ. ಮನಸ್ಸಲ್ಲಿ ಇರೋದೇ ಬೇರೆ, ಬಾಯಿಗೆ ಬರೋದೇ ಬೇರೆ. ನಿಧಾನಕ್ಕೆ ಸರಿಹೋಗಬಹುದು, ಗಾಬರಿಯಾಗಬೇಡಿ.’

ನಾನು ಡಾಕ್ಟರ ಕೈ ಹಿಡಿದುಕೊಂಡೆ. ‘ಎಂಗ್ ಸಾರ್ ಗಾಬ್ರಿ ಆಗ್ದೆ ಇರಾದು? ಮದ್ವೆಯಾಗಿ ಇಪ್ಪತ್ತೆಂಟು ವರ್ಸ. ನಾನು ಯೋಳಿದ್ದಕ್ಕೆ ಒಂದ್ ಸಲನೂ ಆಯ್ತು ಅಂದೋಳಲ್ಲ. ತಲೇಲಿ ದೊಡ್ಡದೇ ಏನೋ ಆಗ್ಬುಟ್ಟೈತೆ. ಇನ್ನೊಂದ್ ಸಲ ಸ್ಕ್ಯಾನ್ ಮಾಡ್ಸಿ.’

ಹಸಿರು ಸೀರೆ

ಮನೆಗೆ ಬಂದ ಹೊಸತರಲ್ಲಿ ನನ್ನ ತಂಗಿ ನೋಡಲು ಬಂದಳು. ಸ್ವಲ್ಪ ಹೊತ್ತು ಅತ್ತಳು, ಕಾಫಿ ಕುಡಿದಳು. ಆಮೇಲೆ ಕೇಳಿದಳು: ‘ಅತ್ಗೆ, ನಿನ್ ಹಸ್ರು ರೇಷ್ಮೆ ಸೀರೆ ನಾನು ಮಡಿಕಳ್ಳ? ನೀನಂತೂ ಇನ್ನು ಉಡಾಕಿಲ್ವಲ್ಲ.’

ಒಡಹುಟ್ಟಿದವಳ ಬಾಯಲ್ಲಿ ಈ ಮಾತು ಕೇಳಿ ನಾನು ಕಾಫಿ ಲೋಟ ಕೆಳಗೆ ಕುಕ್ಕಿದೆ. ನನ್ನ ಹೆಂಡತಿ ಮಾತ್ರ ಶಾಂತವಾಗಿ, ‘ಆಯ್ತು ಬಿಡು’ ಅಂದಳು.

ತಂಗಿ ಬೀರು ತೆಗೆದು ಸೀರೆ ಹಿಡಿದುಕೊಂಡು ಮಂಚದ ಪಕ್ಕ ಹಾದಳು. ಮಂಚದಿಂದ ಇವಳ ಎಡಗೈ ಚಾಚಿ ಬಂತು. ಸೀರೆಯ ಅಂಚು ಹಿಡಿಯಿತು. ತಂಗಿ ಆ ಕಡೆ ಎಳೆದಳು, ಇವಳು ಈ ಕಡೆ ಎಳೆದಳು. ಬಾಯಿ ಮಾತ್ರ ‘ಆಯ್ತು ಬಿಡು, ಆಯ್ತು ಬಿಡು’ ಅನ್ನುತ್ತಲೇ ಇತ್ತು. ಕೊನೆಗೆ ತಂಗಿಯೇ ಬಿಟ್ಟಳು.

ಮಲಗಿದ್ದವಳು ಯಾರ ಆಸರೆಯೂ ಇಲ್ಲದೆ ಎದ್ದು ಕೂತಿದ್ದಾಳೆ ಅನ್ನುವುದು ನಮಗೆ ಗೊತ್ತಾದದ್ದು ಸೀರೆ ಬೀರುವಿಗೆ ವಾಪಸ್ಸಾದ ಮೇಲೆ.

ನೈಟಿ

ನಾನು ಬಿಡದಿಯ ಒಂದು ಕಾರ್ಖಾನೆಯಲ್ಲಿ ಫೋರ್ಕ್‌ಲಿಫ್ಟ್ ಓಡಿಸುತ್ತಿದ್ದವನು. ಟನ್ನುಗಟ್ಟಲೆ ಎತ್ತಿದ್ದೇನೆ, ಹಾಲು ಕರೆದವನಲ್ಲ. ಮನೆಯ ಹಸುವನ್ನು ಕರೆಯುತ್ತಿದ್ದವಳು ನನ್ನ ಹೆಂಡತಿಯೇ. ಹಸುವಿಗೂ ಅದು ಗೊತ್ತಿತ್ತು. ಹತ್ತಿರ ಹೋದರೆ ಒದೆಯುತ್ತಿತ್ತು. ‘ನಿನ್ ವಾಸ್ನೆ ಅದ್ಕಾಗಲ್ಲ, ಅವಳ ಬಟ್ಟೆ ಇಕ್ಕಂಡು ಓಗು’ ಅಂದರು ಪಕ್ಕದ ಮನೆಯವರು.

ಅವಳ ನೈಟಿ ತೊಟ್ಟು, ತಲೆಗೆ ಟವೆಲ್ ಸುತ್ತಿ ಕೂತೆ. ಹಸು ಸುಮ್ಮನೆ ಸೊರೆ ಬಿಟ್ಟು ಹಾಲು ಕೊಟ್ಟಿತು.

ಅದೇ ಹೊತ್ತಿಗೆ ವ್ಯಾಯಾಮ ಮಾಡಿಸುವ ಫಿಸಿಯೋ ಹುಡುಗಿ ಸ್ಕೂಟರಿನಲ್ಲಿ ಬಂದಳು. ಹಿಂದಿನಿಂದ ನನ್ನನ್ನು ಕಂಡು ಕೊಟ್ಟಿಗೆ ಬಾಗಿಲಲ್ಲೇ ನಿಂತಳು. ‘ಅಮ್ಮ, ಎರಡೂ ಕೈಲಿ ಕರೀತಿದ್ದೀರಾ? ಒಂದೇ ವಾರಕ್ಕೆ?’ ಅಂದಳು. ಮೊಬೈಲ್ ತೆಗೆದು ವಿಡಿಯೋ ಮಾಡತೊಡಗಿದಳು. ‘ಸ್ವಲ್ಪ ಈ ಕಡೆ ತಿರುಗಿ ಅಮ್ಮ.’

ತಿರುಗಿದೆ. ನನಗೆ ಗಿರಿಜಾ ಮೀಸೆ. ಮೊಬೈಲ್ ಸಗಣಿಗೆ ಬಿತ್ತು.

ಸುಧಾರಿಸಿಕೊಂಡ ಮೇಲೆ ಆ ಹುಡುಗಿಯೇ ದಾರಿ ಹೇಳಿಕೊಟ್ಟಳು. ನಾವಿಬ್ಬರೂ ಹಿಡಿದುಕೊಂಡು ನನ್ನ ಹೆಂಡತಿಯನ್ನು ದಿನಾ ಹಸುವಿನ ಪಕ್ಕ ಕೂರಿಸಿದೆವು, ಬಲಗೈ ಹಿಡಿದು ಮೊಲೆಯ ಮೇಲಿಟ್ಟೆವು. ಬೆರಳು ಮಡಚುವುದು, ಬಿಡುವುದು. ಎರಡು ತಿಂಗಳು ಏನೂ ಇಲ್ಲ. ಮೂರನೇ ತಿಂಗಳಲ್ಲಿ ಒಂದು ದಿನ ಬಲಗೈಯಿಂದ ಒಂದು ಎಳೆ ಹಾಲು ಬಂತು, ನೇರ ನನ್ನ ಕಣ್ಣಿಗೆ. ಕಣ್ಣೊರೆಸಿಕೊಂಡೆ. ಹಾಲು ಅಂತಲೇ ಎಲ್ಲರಿಗೂ ಹೇಳಿದೆ.

ಮನೆಯವರ ಹೆಸರು

ಮಾತು ಕಲಿಸುವ ಮೇಡಂ ಹತ್ತಿರ ತಿಂಗಳುಗಟ್ಟಲೆ ರಾಮನಗರಕ್ಕೆ ಓಡಾಡಿದೆವು. ಒಂದೊಂದೇ ಪದ ಬಂತು. ಒಂದು ದಿನ ಮೇಡಂ ಪರೀಕ್ಷೆ ಇಟ್ಟರು. ಚಿತ್ರ ತೋರಿಸಿದರೆ ಬಾಚಣಿಗೆ ಅಂದಳು, ಕತ್ತರಿ ಅಂದಳು, ಬೀಗ ಅಂದಳು. ಮೇಡಂ ನನ್ನನ್ನು ತೋರಿಸಿದರು.

‘ಇವರು?’

‘ಮನೆಯೋರು.’

‘ಹೆಸರು ಹೇಳಿ.’

ತಲೆ ತಗ್ಗಿಸಿದಳು. ಮತ್ತೆ ಕೇಳಿದರು. ಸೆರಗು ಬಾಯಿಗಿಟ್ಟುಕೊಂಡಳು. ಮೇಡಂ ಪೆನ್ನು ಕೆಳಗಿಟ್ಟು, ‘ಗಂಡನ ಹೆಸರೇ ಬರ್ತಿಲ್ಲ ಅಂದ್ರೆ ಡಾಕ್ಟರಿಗೆ ತೋರಿಸಬೇಕು’ ಅಂದರು. ನಾನು ಆಗಲೇ ಆಸ್ಪತ್ರೆ ಫೈಲು ಹುಡುಕತೊಡಗಿದೆ.

ಆಗ ಇವಳು, ‘ಬತ್ತದೆ. ಯೋಳಾಕಿಲ್ಲ’ ಅಂದಳು.

ನನಗೆ ಆಗ ಹೊಳೆಯಿತು. ಇಪ್ಪತ್ತೆಂಟು ವರ್ಷದಲ್ಲಿ ಅವಳು ನನ್ನ ಹೆಸರು ಹಿಡಿದು ಕರೆದವಳೇ ಅಲ್ಲ. ಮೇಡಂ ಬಿಡಲಿಲ್ಲ. ‘ಹೇಳಿದ್ರೆ ಮಾತ್ರ ಮಾರ್ಕು.’

ಕಣ್ಣು ಮುಚ್ಚಿದಳು. ‘ಪುಟ್ಟಸ್ವಾಮಿ’ ಅಂದಳು. ಕಣ್ಣು ಬಿಟ್ಟು ನೋಡಿದಳು. ನನಗೆ ಏನೂ ಆಗಿರಲಿಲ್ಲ.

ವಾಪಸ್ಸು ಬರುವಾಗ ಅವಳು ಬಸ್ಸಿನ ಮುಂದಿನ ಸೀಟು, ನಾನು ಹಿಂದಿನದು. ನಡುವೆ ಕೂತವರೆಲ್ಲ ನಮ್ಮೂರವರೇ. ಊರು ಹತ್ತಿರ ಬಂದಾಗ ಮುಂದಿನಿಂದ ಸ್ಪಷ್ಟವಾಗಿ ಕೇಳಿಸಿತು: ‘ಪುಟ್ಟಸ್ವಾಮಿ, ಊರ್ ಬಂತು. ಇಳಿ.’

ಬಸ್ಸು ಸ್ತಬ್ಧವಾಯಿತು. ಅಂದರೆ ಜನ ಸ್ತಬ್ಧರಾದರು, ಬಸ್ಸು ಓಡುತ್ತಲೇ ಇತ್ತು. ಕಂಡಕ್ಟರು ಬಾಯಲ್ಲಿದ್ದ ವಿಷಲ್ ಊದುವುದನ್ನೇ ಮರೆತರು. ನಮ್ಮನ್ನು ಇಳಿಸಿದ್ದು ಮುಂದಿನ ಸ್ಟಾಪಿನಲ್ಲಿ.

ಅಲ್ಲಿಂದ ಊರಿಗೆ ಒಂದು ಕಿಲೋಮೀಟರ್. ಸ್ಟ್ರೋಕ್ ಆದಾಗಿನಿಂದ ಅವಳು ಹಿತ್ತಲು ದಾಟಿ ನಡೆದವಳಲ್ಲ, ಬಸ್ ಸ್ಟಾಪಿಗೂ ಆಟೋದಲ್ಲೇ. ಆಟೋ ಹುಡುಕುತ್ತೇನೆ ಅಂದರೆ ಕೇಳದೆ ಕೋಲೂರಿಕೊಂಡು ಹೊರಟೇಬಿಟ್ಟಳು. ಬಿದ್ದುಬಿಟ್ಟಾಳು ಅಂತ ಆಟೋಗಾಗಿ ತಿರುತಿರುಗಿ ನೋಡುತ್ತಾ ನಾನೇ ಹಿಂದೆ ಬಿದ್ದೆ. ಹಿಂದೆ ಬಿದ್ದಾಗಲೆಲ್ಲ, ‘ಪುಟ್ಟಸ್ವಾಮಿ, ಬಾ.’ ಹಿಪ್ಪುನೇರಳೆ ಸೊಪ್ಪು ಕೊಯ್ಯುತ್ತಿದ್ದ ಹೆಂಗಸರು ಕುಡುಗೋಲು ಹಿಡಿದು ನೆಟ್ಟಗೆ ನಿಂತು ನೋಡಿದರು. ಮೂರು ಕಡೆ ಕೂತೆದ್ದು, ಮನೆ ಬಾಗಿಲವರೆಗೂ ನಡೆದೇ ಬಂದಳು.

ಮುಂದಿನ ವಾರ ನಮ್ಮ ಬೀದಿಯಲ್ಲಿ ಇನ್ನೂ ಇಬ್ಬರು ಹೆಂಗಸರು ಗಂಡಂದಿರನ್ನು ಹೆಸರು ಹಿಡಿದು ಕೂಗಿದರಂತೆ. ಆ ಎರಡು ಮನೆಯಲ್ಲಿ ಯಾರಿಗೂ ಸ್ಟ್ರೋಕ್ ಆಗಿರಲಿಲ್ಲ.