ಮೊದಲ ಸಾಲಿನ ಚಪ್ಪಾಳೆ

ಸಂಗೀತಶರಣ್ಯನೂ, ಕಲಾವಿದರ ಪಾಲಿನ ಕಲ್ಪವೃಕ್ಷನೂ, ವಾಗ್ದಾನದಲ್ಲಿ ಮುಕ್ತಹಸ್ತನೂ, ವೇತನದಲ್ಲಿ ಮಿತಹಸ್ತನೂ, ಪರರ ಕಂಠಬಲದಿಂದ ತನ್ನ ಮನೆಗೆ ಮಹಡಿಯೇರಿಸಿದ ಮಹಾನುಭಾವನೂ ಆದ ಸಂಘಟಕನು ಟಿಕೆಟ್ಟಿನ ಕಿಂಡಿಯ ಹಿಂದೆ ವಿರಾಜಮಾನನಾಗಿದ್ದನು. ಕಿಂಡಿಯ ಮುಂದೆ ಪಿಟೀಲುವಾದಕನ ಹೆಂಡತಿ. ಅವಳ ಬೆನ್ನ ಮರೆಯಲ್ಲಿ ಪಿಟೀಲುವಾದಕ. ಅಂದು ಸಂಜೆ ಗಾಯಕರು ನಡುವೆ ವಿಶ್ರಮಿಸುವಾಗ ಅವನೊಬ್ಬನೇ ನುಡಿಸುವವನಿದ್ದ. ಅಂಥ ಅವಕಾಶ ಒದಗಿದ್ದು ಅದೇ ಮೊದಲು. ಅದನ್ನು ಕೇಳದೆ ಮನೆಗೆ ಮರಳುವುದಿಲ್ಲವೆಂದು ಅವಳು ನಿಶ್ಚಯಿಸಿಯೇ ಬಂದಿದ್ದಳು.

ಹೆಂಡತಿ: ಒಂದು ಕುರ್ಚಿಗೆ ಇಷ್ಟಾ? ಕೂತು ಎದ್ದು ಬರೋದಾ, ಇಲ್ಲಾ ಕುರ್ಚೀನೂ ಮನೆಗೆ ಹೊತ್ಕೊಂಡು ಹೋಗೋದಾ?

ಸಂಘಟಕ: ಖರ್ಚು ಗೊತ್ತಾ ತಾಯೀ? ಸಭಾಂಗಣದ ಬಾಡಿಗೆ, ದೀಪ, ಮೈಕು, ವಿಮೆ, ಬಾಗಿಲಿಗೆ ಆಳು. ಆಮೇಲೆ ಹೊಗೆ.

ಹೆಂಡತಿ: ಹೊಗೆ?

ಸಂಘಟಕ: ಗಾಯಕರು ಹೊಗೆ ಮಧ್ಯದಿಂದ ಪ್ರತ್ಯಕ್ಷ ಆಗ್ತಾರೆ.

ಹೆಂಡತಿ: ನಮ್ಮ ಅಡುಗೆಮನೆಗೆ ಬಂದಿದ್ರೆ ಕಾಸಿಲ್ದೆ ಪ್ರತ್ಯಕ್ಷ ಆಗ್ಬಹುದಿತ್ತು.

ಪಿಟೀಲುವಾದಕ: ಲೇ, ಸುಮ್ನಿರೇ...

ಹೆಂಡತಿ: ನೀವು ಸುಮ್ನಿದ್ದಿದ್ದಕ್ಕೇ ಹೊಗೆಗಿಂತ ಅಗ್ಗ ಆಗಿದ್ದು. ಅದಿರ್ಲಿ ಸ್ವಾಮೀ, ಈ ದುಡ್ಡಲ್ಲಿ ನಮ್ಮನೆಯವರ ಪಾಲು ಎಲ್ಲಿದೆ?

ಸಂಘಟಕ: ಅವರು 'ಇತರೆ'ಯಲ್ಲಿ ಬರ್ತಾರೆ. ಹೂಕುಂಡ, ಪಿಟೀಲು, ಕಸ ಗುಡಿಸೋದು.

ಪಿಟೀಲುವಾದಕ: ಹೋದ ವರ್ಷ ಕಸಕ್ಕಿಂತ ಕೆಳಗಿದ್ದೆ ಕಣೇ.

ಅವನ ದನಿಯಲ್ಲಿದ್ದ ಹೆಮ್ಮೆಯನ್ನು ಕೇಳಿ ಅವಳಿಗೆ ನಗುವುದೋ ಅಳುವುದೋ ತಿಳಿಯದಾಯಿತು.

ಹೆಂಡತಿ: ಒಂದು ಪಾಸಾದ್ರೂ ಕೊಡ್ರೀ. ಹಿಂದಿನ ಸಾಲಲ್ಲಾದ್ರೂ ಸರಿ.

ಸಂಘಟಕ: ಪಾಸು ಗಾಯಕರ ನೆಂಟರಿಗೇ ಸಾಲ್ಲಿಲ್ಲ. ಹಿಂದಿನ ಸಾಲೆಲ್ಲ ಭರ್ತಿ. ಮೊದಲನೇ ಸಾಲು ಮಾತ್ರ ಖಾಲಿ.

ಹೆಂಡತಿ: ಅದ್ಯಾಕೆ?

ಸಂಘಟಕ: ಆ ಬೆಲೆಗೆ ಯಾರು ತಗೋತಾರೆ, ನೀವೇ ಹೇಳಿ!

ಹೆಂಡತಿ: ಹಾಗಾದ್ರೆ ಇಳಿಸ್ರಿ.

ಸಂಘಟಕ: ಇಳಿಸಿದ್ರೆ ಗಾಯಕರ ಮರ್ಯಾದೆ ಏನಾಗ್ಬೇಕು? ಹಾಗಂತ ಕ್ಯಾಮೆರಾಗೆ ಖಾಲಿ ಕುರ್ಚಿ ಕಾಣೋ ಹಾಗೂ ಇಲ್ಲ. ಅದಕ್ಕೇ ಸಂಬಳ ಕೊಟ್ಟು ಜನರನ್ನ ಕೂರಿಸ್ತೀವಿ.

ಹೆಂಡತಿ: ಆ ಸಂಬಳ ಎಲ್ಲಿಂದ?

ಸಂಘಟಕ: ಟಿಕೆಟ್ಟಿಂದ! ಅದಕ್ಕೇ ಬೆಲೆ ಏರ್ಸಿರೋದು.

ಹೆಂಡತಿ: ಬೆಲೆ ಏರಿದ್ದಕ್ಕೆ ಕುರ್ಚಿ ಖಾಲಿ, ಕುರ್ಚಿ ಖಾಲಿ ಆಗಿದ್ದಕ್ಕೆ ಬೆಲೆ ಏರಿದ್ದು?

ಸಂಘಟಕ: ನೋಡಿ, ಎಷ್ಟು ಬೇಗ ಅರ್ಥ ಮಾಡ್ಕೊಂಡ್ರಿ!

ಅಷ್ಟರಲ್ಲಿ ದೂರವಾಣಿ ರಿಂಗಣಿಸಿತು. ಮೊದಲ ಸಾಲಿನ ಬಾಡಿಗೆಯ ರಸಿಕರೊಬ್ಬರಿಗೆ ಕೆಮ್ಮು, ಬರಲಾರರು. ಸಂಘಟಕನ ಮುಖ ಕಪ್ಪಿಟ್ಟಿತು. ಅನಂತರ ಅವನು ಎದುರಿಗೆ ನಿಂತವಳನ್ನು ಹೊಸದಾಗಿ ಕಂಡವನಂತೆ ನೋಡಿದನು.

ಸಂಘಟಕ: ತಾಯೀ, ಕೆಮ್ಮದೆ ಕೂರ್ತೀರಾ? ಇಷ್ಟು ಕೊಡ್ತೀನಿ.

ಅವನು ಮುಂದಿಟ್ಟ ನೋಟುಗಳನ್ನು ಕಂಡು ಪಿಟೀಲುವಾದಕನು ಬೆಚ್ಚಿದನು.

ಪಿಟೀಲುವಾದಕ: ಅಯ್ಯೋ, ಇದು ನನಗೆ ಕೊಡೋದಕ್ಕಿಂತ ಜಾಸ್ತಿ!

ಸಂಘಟಕ: ನುಡಿಸೋರು ಪ್ರೀತಿಗೆ ನುಡಿಸ್ತಾರಪ್ಪಾ. ಕೇಳೋರಿಗೆ ಏನು ಕರ್ಮ?

ಪಿಟೀಲುವಾದಕ: ಹಾಗಾದ್ರೆ ನಾನೂ ಅಲ್ಲೇ ಕೂತ್ಕೊಳ್ಲಾ?

ಹೆಂಡತಿ: ತೆಪ್ಪಗೆ ಹೋಗಿ ತಂತಿ ಬಿಗಿ ಮಾಡ್ಕೊಳ್ಳಿ.

ಸಂಘಟಕ: ಒಂದು ಮಾತು. ವೇದಿಕೆ ಪಕ್ಕ ಕೆಂಪು ದೀಪ ಹತ್ತಿದಾಗ ಮಾತ್ರ ಚಪ್ಪಾಳೆ. ಗಾಯಕರಿಗೆ ಹತ್ತುತ್ತೆ, ಪಿಟೀಲಿಗೆ ಹತ್ತಲ್ಲ. ಅದಕ್ಕೆ ಖರ್ಚು ಹಾಕಿಲ್ಲ.

ಅವಳು ಗಂಡನತ್ತ ತಿರುಗಿದಳು. ಅವನು ತಲೆ ತಗ್ಗಿಸಿ ತನ್ನ ಬೆರಳ ತುದಿಗಳನ್ನೇ ನೋಡುತ್ತಿದ್ದನು. ಅವಳು ನೋಟುಗಳನ್ನು ನಿಧಾನವಾಗಿ ಮಡಿಸಿ ಚೀಲಕ್ಕೆ ಹಾಕಿಕೊಂಡಳು.

ಹೆಂಡತಿ: ದೀಪಕ್ಕೆ ಹೊಡೆಯೋದು ನಿಮ್ಮ ದುಡ್ಡಿಗೆ ಸ್ವಾಮೀ. ಪಿಟೀಲಿಗೆ ಬಿಟ್ಟಿ ಹೊಡೀತೀನಿ, ತಡೀರಿ ನೋಡೋಣ!

ಆ ತಾಯಿಯ ಕೈಗಳು ನೂರ್ಕಾಲ ಗಟ್ಟಿಯಾಗಿರಲಿ. ಒಬ್ಬರು ನುಡಿಸಿಯೂ ಒಬ್ಬರು ಕೇಳಿಯೂ ಅನ್ನವುಣ್ಣುವ ಆ ಮನೆಯಲ್ಲಿ ಭಗವಂತನ ಕೃಪೆಯಿಂದ ಸಂಪತ್ತೂ ಸೌಖ್ಯವೂ ಶ್ರುತಿಗೂಡಿ ನೆಲೆಸಲಿ.