ತಿರುವಿನಲ್ಲಿ ಕಿರುಚುವ ಚಕ್ರದವರ ಸನ್ನಿಧಾನಕ್ಕೆ

ಮಾನ್ಯ ಚಕ್ರದವರೇ,

ತಾವು ದುಂಡುದುಂಡಗೆ, ಗಟ್ಟಿಮುಟ್ಟಾಗಿ ಉರುಳುತ್ತಿದ್ದೀರೆಂಬ ಸಂಗತಿ ದಿನವಿಡೀ ನನ್ನ ಕಿವಿಗೆ ಬೀಳುತ್ತಲೇ ಇರುವುದರಿಂದ ಕುಶಲಪ್ರಶ್ನೆಗೆಂದು ಕಾಗದ ದಂಡ ಮಾಡುವುದಿಲ್ಲ. ನಗರದ ಲಘು ರೈಲಿನ ಕಚೇರಿಗೆ ನಾನು ಬರೆದಾಗಲೆಲ್ಲ, ಕಿರುಚುವುದು ಚಕ್ರವೇ ಹೊರತು ಕಚೇರಿಯಲ್ಲ ಎಂಬ ಅರ್ಥದ ಉತ್ತರವೇ ಬಂದದ್ದರಿಂದ, ಮಧ್ಯವರ್ತಿಗಳ ಗೊಡವೆ ಬಿಟ್ಟು ನೇರವಾಗಿ ತಮ್ಮಲ್ಲಿಯೇ ಅರಿಕೆ ಮಾಡಿಕೊಳ್ಳುತ್ತಿದ್ದೇನೆ.

ತಾವು ಹಳಿಗೆ ಮೈ ಉಜ್ಜಿ ತಿರುಗುವ ಆ ತಿರುವಿನ ಮೇಲಿನ ಮಹಡಿಯಲ್ಲಿ ನಾನು ಕಿವಿ ಪರೀಕ್ಷೆ ಮಾಡುವವಳು. ಹೆಡ್‌ಫೋನಿನಲ್ಲಿ ಸಣ್ಣ ಸದ್ದು ಕೇಳಿಸಿದರೆ ಗುಂಡಿ ಒತ್ತಬೇಕೆಂಬುದು ನಮ್ಮ ಕ್ರಮ. ದಪ್ಪ ಬಾಗಿಲನ್ನೂ ತೂರಿ ಬರುವ ತಮ್ಮ ಕಂಠಸಿರಿಯ ಕೃಪೆಯಿಂದ ಈಗ ಎಲ್ಲರೂ ಪುಂಖಾನುಪುಂಖವಾಗಿ ಗುಂಡಿ ಒತ್ತುತ್ತಾರೆ. ಊರಿನಲ್ಲಿ ಕಿವುಡೆಂಬುದೇ ಇಲ್ಲವಾಗಿದೆ. ಹೆಂಡತಿ ಪಕ್ಕದಲ್ಲಿ ನಿಂತು ಕೂಗಿದರೂ ತಿರುಗಿ ನೋಡದ ಒಬ್ಬ ಮುದಿ ಕಾವಲುಗಾರರು ಮೊನ್ನೆ ಇಲ್ಲಿ ಭೇಷಾಗಿ ಪಾಸಾದರು. ಅಂದಿನಿಂದ ಅವರ ಹೆಂಡತಿ ನನ್ನನ್ನು ದಾರಿಯಲ್ಲಿ ಕಂಡರೆ ಮುಖ ತಿರುಗಿಸುತ್ತಾರೆ.

ಅದನ್ನು ನಾನು ಹೇಗೋ ನುಂಗಿಕೊಳ್ಳುತ್ತಿದ್ದೆ. ಆದರೆ ಹೊಲಿಗೆ ಅಂಗಡಿಯ ಹೆಂಗಸೊಬ್ಬಳು ಇನ್ನೂ ಮಾತು ಬಾರದ ಪುಟ್ಟ ಮಗಳನ್ನು ಕರೆತಂದಳು. ಮಕ್ಕಳಿಗೆ ಗುಂಡಿಯ ಬದಲು ಆಟ: ಸದ್ದು ಕೇಳಿಸಿದಾಗ ಒಂದು ಮರದ ಬಳೆ ತೆಗೆದು ಬುಟ್ಟಿಗೆ ಹಾಕಬೇಕು. ಹುಡುಗಿ ಬಳೆಗಳನ್ನು ಟಪಟಪನೆ ಹಾಕುತ್ತಿದ್ದಳು. ಕಿವಿ ಸರಿಯಾಗಿದೆಯೆಂದು ಹೇಳಲು ಬಾಯಿ ತೆರೆದಿದ್ದೆ. ಅಷ್ಟರಲ್ಲಿ, ನಾನಿನ್ನೂ ಸದ್ದನ್ನೇ ಕಳಿಸದಿರುವಾಗ, ಅವಳು ಮತ್ತೊಂದು ಬಳೆ ಹಾಕಿದಳು. ಆಗ ತಾವು ಕೆಳಗೆ ಹಾದುಹೋಗುತ್ತಿದ್ದಿರಿ, ನೆಲದ ನಡುಕ ಕುರ್ಚಿ ಹತ್ತಿ ಮಗುವಿನ ಬೆನ್ನು ಮುಟ್ಟುತ್ತಿತ್ತು. ಹಳಿ ದುರಸ್ತಿಗೆಂದು ತಾವು ರಜೆ ಹಾಕಿದ ದಿನ ಮತ್ತೆ ಕರೆಸಿ ಪರೀಕ್ಷಿಸಿದೆ. ಬುಟ್ಟಿ ಖಾಲಿಯೇ ಉಳಿಯಿತು. ತಾಯಿ ಬುಟ್ಟಿಯನ್ನೇ ನೋಡುತ್ತ ಕುಳಿತಳು. ಅಂದು ನನಗೆ ತಮ್ಮ ಮೇಲೆ ಮೈಯೆಲ್ಲ ಉರಿಯುವಷ್ಟು ಸಿಟ್ಟು ಬಂದಿತ್ತು, ಮುಚ್ಚಿಡುವುದೇಕೆ.

ಈಗ ಹುಡುಗಿಯ ಶ್ರವಣಯಂತ್ರ ಬಂದಿದೆ, ಮುಂದಿನ ಮಂಗಳವಾರ ಬೆಳಿಗ್ಗೆ ನಮ್ಮ ಕೋಣೆಯಲ್ಲಿ ಹಾಕಬೇಕು. ತಾಯಿಯದು ಒಂದೇ ಕೋರಿಕೆ: "ಮೊದ್ಲು ಅವ್ಳಿಗೆ ನನ್ನ ದನಿ ಕೇಳಿಸ್ಲಿ. ಆಮೇಲೆ ಲೋಕದ್ದು ಏನ್ ಬೇಕಾದ್ರೂ ಕೇಳಿಸ್ಕೊಳ್ಲಿ." ತಾವೋ, ಒಂದು ರೈಲಿನ ಹಿಂದೆ ಇನ್ನೊಂದಾಗಿ ಬರುವವರು, ಯಂತ್ರ ಕೂರಿಸಿ ಸರಿಪಡಿಸುವಷ್ಟರಲ್ಲಿ ಮತ್ತೆ ಹಾಜರು.

ಆದ್ದರಿಂದ ಅಂದು ಬೆಳಿಗ್ಗೆ ಒಂದಿಷ್ಟು ಹೊತ್ತು ತಾವು ತುದಿಗಾಲಿನಲ್ಲಿ ಬರಬೇಕೆಂದೂ, ಕಾಲಿಲ್ಲದಿದ್ದರೆ ಉಣ್ಣೆಯ ಕಾಲುಚೀಲವನ್ನಾದರೂ ಧರಿಸಬೇಕೆಂದೂ, ತಿರುಗಿದರೆ ತಾನೇ ಕಿರುಚುವುದು, ಹಾಗಾಗಿ ತಿರುಗದೆಯೇ ನೇರವಾಗಿ ಎದುರಿನ ಬ್ಯಾಂಕಿನೊಳಗೆ ಹೋಗಿ ಕುಳಿತುಬಿಡಬೇಕೆಂದೂ ಪ್ರಾರ್ಥಿಸುತ್ತೇನೆ. ಇದೆಲ್ಲ ದುಬಾರಿಯೆನಿಸಿದರೆ, ತಿರುವಿನ ಪಕ್ಕದಲ್ಲೇ ಹಳಿಗೆ ಎಣ್ಣೆ ಸವರುವ ಪೆಟ್ಟಿಗೆಯೊಂದಿದೆ. ಸದ್ದಿನ ಅಳತೆಗೆ ಜನ ಬಂದ ದಿನ ಮಾತ್ರ ಅದು ತುಂಬಿತ್ತು. ಅದಕ್ಕೆ ಮತ್ತೊಮ್ಮೆ ಎಣ್ಣೆ ಹುಯ್ಯುವಂತೆ ತಮ್ಮ ಯಜಮಾನರಿಗೆ ತಾವೇ ಕಿವಿಮಾತು ಹೇಳಬೇಕು.

ಆ ತಾಯಿ ಈಗ ಅಂಗಡಿಯಲ್ಲಿ ಮಗಳ ಹೆಸರನ್ನು ನಾನಾ ದನಿಗಳಲ್ಲಿ ಕರೆದು ಅಭ್ಯಾಸ ಮಾಡುತ್ತಿದ್ದಾಳೆ. ಮಗಳು ಎದುರಿಗೇ ಕುಳಿತು ಬಟ್ಟೆಯ ಚೂರುಗಳೊಂದಿಗೆ ಆಡುತ್ತಿರುತ್ತಾಳೆ. ಮಂಗಳವಾರ ಆ ಒಂದು ಕರೆ ಮುಗಿಯುವ ಮೊದಲು ತಾವು ಬಾಯಿ ತೆರೆದರೆ, ನಾನು ತಮ್ಮನ್ನು ಈ ಜನ್ಮದಲ್ಲಿ ಕ್ಷಮಿಸುವುದಿಲ್ಲ.

ತಮ್ಮ ವಿಶ್ವಾಸಿ,
ಮೇಲಿನ ಮಹಡಿಯ ಕಿವಿ ಪರೀಕ್ಷಕಿ

ಮರೆತ ಮಾತು: ಸದ್ದು ತಗ್ಗಿಸುವ ವಿಭಾಗದ ತಮ್ಮ ಅಧಿಕಾರಿಗಳು ಕಳೆದ ವಾರ ಇದೇ ತಿರುವಿನಲ್ಲಿ ನಿಂತು, ತಾವು ಕಿರುಚುತ್ತ ಹಾದುಹೋಗುತ್ತಿರುವಾಗಲೇ, ನಮಗೇನೂ ಕೇಳಿಸುತ್ತಿಲ್ಲ ಎಂದರು. ಪಾಪ, ಅವರಿಗೂ ಒಂದು ಶ್ರವಣಯಂತ್ರ ತೆಗೆದಿಟ್ಟಿದ್ದೇನೆ. ಅದನ್ನು ತೊಡಿಸಿ, ಗರಿಷ್ಠ ಮಟ್ಟಕ್ಕೇರಿಸಿ, ಕೈಹಿಡಿದು ತಮ್ಮ ಬಳಿಗೆ ಕರೆತರುವ ಹೊಣೆ ನನ್ನದು. ಅಂದು ಮಾತ್ರ ತಾವು ಸಂಕೋಚ ಪಟ್ಟುಕೊಳ್ಳಬಾರದು.